ಹಳೆ ಡೆಸ್ಕ್‌ಟಾಪ್: ಹಾರ್ಡ್‌ಡಿಸ್ಕ್ ಕೇಬಲ್ ಗೀರಿಹೋಗಿದೆ, ಬಯಾಸ್‌ನಲ್ಲಿ ಡಿಸ್ಕಿನ ಹೆಸರೇ ತಪ್ಪು ಬರ್ತಿದೆ

ಹಳೆಡಬ್ಬ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೆ ಡೆಸ್ಕ್‌ಟಾಪ್ ಇದೆ. ವಿಂಡೋಸ್ ಎಕ್ಸ್‌ಪಿ, 80 ಜಿಬಿ ಐಡಿಇ (ಅಗಲವಾದ ಚಪ್ಪಟೆ ಕೇಬಲ್‌ನ ಹಳೆ ಬಗೆ) ಹಾರ್ಡ್‌ಡಿಸ್ಕ್. ಎಸೆದು ಹೊಸದು ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ, ಒಂದು ಹಳೆ ಸ್ಕ್ಯಾನರ್ ಈ ಮೆಷಿನ್‌ನಲ್ಲಿ ಮಾತ್ರ ನಡೆಯುತ್ತದೆ, ಹಳೆ ಲೆಕ್ಕದ ಫೈಲುಗಳೂ ಇದರಲ್ಲೇ ಇವೆ.

ಸ್ವಲ್ಪ ದಿನದಿಂದ ಮೆಷಿನ್ ವಿಪರೀತ ನಿಧಾನ ಆಗಿತ್ತು. ದೊಡ್ಡ ಫೈಲ್ ಕಾಪಿಗೆ ಹಾಕಿದರೆ ಮೌಸ್ ಕೂಡ ತಡೆದು ತಡೆದು ಓಡುತ್ತಿತ್ತು. ಈಗ ಬೂಟ್ ಆಗುವುದೇ ನಿಂತಿದೆ. ಕಪ್ಪು ಪರದೆ ಮೇಲೆ "ಡಿಸ್ಕ್ ಬೂಟ್ ಫೇಲ್ಯೂರ್" ಅಂತ ಬಂದು ಕೂರುತ್ತದೆ. ಡಿಸ್ಕ್ ತಿರುಗುವ ಸದ್ದು ಮಾಮೂಲಾಗೇ ಇದೆ, ಟಕ್ ಟಕ್ ಅಂತ ಏನೂ ಇಲ್ಲ.

ಬಯಾಸ್‌ಗೆ (ಮೆಷಿನ್ ಆನ್ ಆದ ಕೂಡಲೇ, ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಹೋಗಿ ನೋಡಿದೆ. ಡಿಸ್ಕ್ ಕಾಣಿಸುತ್ತದೆ, ಸೈಜು 80 ಜಿಬಿ ಅಂತಲೇ ತೋರಿಸುತ್ತದೆ. ಆದರೆ ಹೆಸರು ವಿಚಿತ್ರ. ಡಿಸ್ಕಿನ ಲೇಬಲ್ ಮೇಲೆ ಇರುವುದು ಎಸ್‌ಟಿ380011ಎ. ಬಯಾಸ್ ತೋರಿಸುವುದು ಎಸ್‌ಟಿ381011ಎ, ಅದರ ಮುಂದೆ ! ! ! ! ಅಂತ ಸಾಲಾಗಿ ಆಶ್ಚರ್ಯಚಿಹ್ನೆ, ಮಧ್ಯ ಮಧ್ಯ ಜಾಗ ಬಿಟ್ಟು.

ಡಬ್ಬ ಬಿಚ್ಚಿದರೆ ಆ ಬೂದು ಬಣ್ಣದ ಚಪ್ಪಟೆ ಕೇಬಲ್, ಡಿಸ್ಕ್ ಕೂರಿಸುವ ತಗಡಿನ ಅಂಚಿನ ಮೇಲೆ ಮಡಚಿಕೊಂಡಿದೆ. ಅಲ್ಲಿ ಕೆಂಪು ಗೆರೆಯ ಪಕ್ಕದಲ್ಲೇ ಒಂದು ಗೀರು, ಒಳಗಿನ ತಾಮ್ರ ಸಣ್ಣಗೆ ಹೊಳೆಯುತ್ತಿದೆ. ಇದನ್ನು ರಿಪೇರಿ ಮಾಡಬಹುದಾ? ಟೇಪ್ ಸುತ್ತಿದರೆ ಸಾಕಾ? ಪರಿಚಯದವರೊಬ್ಬರು "ಕೇಬಲ್ ಬಿಡು, ರಿಕವರಿ ಕನ್ಸೋಲ್‌ಗೆ ಹೋಗಿ ಫಿಕ್ಸ್‌ಎಂಬಿಆರ್ ಕೊಡು, ಸರಿಹೋಗುತ್ತೆ" ಅಂದರು. ಅದು ಡಿಸ್ಕಿನ ಬೂಟ್ ಕೋಡನ್ನು ಹೊಸದಾಗಿ ಬರೆಯುವ ಆದೇಶವಂತೆ. ಮಾಡಲಾ?

ರಾತ್ರಿಪಾಳಿ

ಟೇಪ್ ಸುತ್ತಿ ನೋಡಿ, ಹೋಗೋದೇನಿದೆ. ಆಗಲಿಲ್ಲ ಅಂದ್ರೆ ಡಿಸ್ಕೇ ಹೋಗಿದೆ ಅಂತ ಅರ್ಥ. ಹೆಸರು ತಪ್ಪು ಬರ್ತಿದೆ ಅಂದ್ರೆ ಡಿಸ್ಕಿನ ಬೋರ್ಡ್ ಕೆಟ್ಟಿರೋ ಸಾಧ್ಯತೆ ಜಾಸ್ತಿ.

ತಂತಿಲೆಕ್ಕ

ಹಳೆಡಬ್ಬ ಅವರೇ, ಮೊದಲು ಮೆಷಿನ್ ಆಫ್ ಮಾಡಿ. ಫಿಕ್ಸ್‌ಎಂಬಿಆರ್ ಬೇಡ, ಚೆಕ್‌ಡಿಸ್ಕ್ ಬೇಡ, ಈ ಕೇಬಲ್ ಇರುವವರೆಗೂ ಡಿಸ್ಕಿನ ಮೇಲೆ ಏನನ್ನೂ ಬರೆಸಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ, ನಿಮ್ಮ ಕೇಸ್ ಮಜವಾಗಿದೆ.

ಐಡಿಇ ಕೇಬಲ್‌ನಲ್ಲಿ ಡೇಟಾ ಒಂದು ಸಲಕ್ಕೆ 16 ಬಿಟ್ ಹೋಗುತ್ತದೆ, ಒಂದೊಂದು ಬಿಟ್‌ಗೆ ಒಂದೊಂದು ತಂತಿ. ಡಿಸ್ಕ್ ತನ್ನ ಹೆಸರು ಹೇಳುವಾಗ ಎರಡೆರಡು ಅಕ್ಷರ ಜೋಡಿ ಮಾಡಿ ಕಳಿಸುತ್ತದೆ. ಜೋಡಿಯ ಮೊದಲ ಅಕ್ಷರ ಮೇಲಿನ 8 ತಂತಿಯಲ್ಲಿ, ಎರಡನೆಯದು ಕೆಳಗಿನ 8 ತಂತಿಯಲ್ಲಿ. ನಿಮ್ಮ ಡಿಸ್ಕಿನ ಹೆಸರನ್ನು ಹಾಗೆ ಜೋಡಿ ಮಾಡಿ: ಎಸ್-ಟಿ, 3-8, 0-0, 1-1, ಎ-ಖಾಲಿ, ಆಮೇಲೆ ಪೂರ್ತಿ ಖಾಲಿ ಖಾಲಿ.

ಈಗ ಏನು ಬದಲಾಗಿದೆ ನೋಡಿ. ಮೂರನೇ ಜೋಡಿಯ ಮೊದಲ 0 ಹೋಗಿ 1 ಆಗಿದೆ. ಕೊನೆಯಲ್ಲಿರುವ ಖಾಲಿ ಜೋಡಿಗಳಲ್ಲಿ ಮೊದಲನೇ ಖಾಲಿ ಹೋಗಿ ! ಆಗಿದೆ, ಎರಡನೇದು ಖಾಲಿಯಾಗೇ ಉಳಿದಿದೆ, ಅದಕ್ಕೇ ಮಧ್ಯ ಮಧ್ಯ ಜಾಗ. ಆಸ್ಕಿ ಲೆಕ್ಕದಲ್ಲಿ (ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ) 0 ಅಂದರೆ 48, 1 ಅಂದರೆ 49. ಖಾಲಿ ಜಾಗ 32, ! ಅಂದರೆ 33. ಎರಡು ಕಡೆಯೂ ವ್ಯತ್ಯಾಸ ಸರಿಯಾಗಿ ಒಂದು. ಅಂದರೆ ಮೇಲಿನ ಬೈಟಿನ ಕಟ್ಟಕಡೆಯ ಬಿಟ್ ಯಾವಾಗಲೂ 1 ಅಂತಲೇ ಓದಿಸಿಕೊಳ್ಳುತ್ತಿದೆ. ಹಾಗಾದರೆ ಎಸ್, 3, ಎ ಯಾಕೆ ಕೆಡಲಿಲ್ಲ? ಅವು 83, 51, 65. ಎಲ್ಲ ಬೆಸ ಸಂಖ್ಯೆ, ಆ ಬಿಟ್ ಮೊದಲೇ 1 ಇತ್ತು.

ಆ ಬಿಟ್ ಹೋಗುವುದು ಡಿ8 ಅನ್ನುವ ಲೈನ್‌ನಲ್ಲಿ, ಅದು 4ನೇ ಪಿನ್. 40 ಎಳೆಯ ಕೇಬಲ್ ಆಗಿದ್ದರೆ ಕೆಂಪು ಗೆರೆಯನ್ನು 1 ಅಂತ ಎಣಿಸಿ, ನಾಲ್ಕನೇ ತಂತಿ. ನಿಮ್ಮ ಗೀರು ಅಲ್ಲೇ ಇದೆ ಅಲ್ವಾ? ರಾತ್ರಿಪಾಳಿ ಅವರು ಹೇಳಿದ ಹಾಗೆ ಬೋರ್ಡ್ ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಒಂದೇ ಬಿಟ್, ಅದೂ ಗೀರು ಬಿದ್ದ ಜಾಗದ ಬಿಟ್ಟೇ ಕೆಡುವುದು ಅಪರೂಪ.

ಇನ್ನೊಂದು ಪ್ರಶ್ನೆ ಬರುತ್ತದೆ. ತಂತಿ ಕಡಿದಿದ್ದರೂ ಡಿಸ್ಕ್ ಮಾತಾಡುತ್ತಿದೆಯಲ್ಲ, ಹೇಗೆ? ಬಯಾಸ್ ಕೊಡುವ ಆದೇಶಗಳು, ಡಿಸ್ಕ್ ಕೊಡುವ ಸ್ಟೇಟಸ್ಸು, ಇವೆಲ್ಲ ಕೆಳಗಿನ 8 ತಂತಿಯಲ್ಲೇ ಓಡಾಡುತ್ತವೆ. ಮೇಲಿನ 8 ತಂತಿಗೆ ಕೆಲಸ ಇರುವುದು ಡೇಟಾ ಹೋಗುವಾಗ ಮಾತ್ರ. ಕೆಳಗಿನ ತಂತಿಯಲ್ಲಿ ಒಂದು ಕಡಿದಿದ್ದರೆ ಡಿಸ್ಕ್ ಬಯಾಸ್‌ಗೆ ಕಾಣುವುದೇ ಕಷ್ಟ ಇತ್ತು.

ಬೂಟ್ ಯಾಕೆ ಆಗಲ್ಲ ಅನ್ನುವುದಕ್ಕೂ ಇದೇ ಉತ್ತರ. ಡಿಸ್ಕಿನ ಮೊದಲ ಸೆಕ್ಟರ್‌ನ ಕೊನೆಯ ಎರಡು ಬೈಟ್ ಹೆಕ್ಸ್ ಲೆಕ್ಕದಲ್ಲಿ (9 ಆದಮೇಲೆ ಎ, ಬಿ ಅಂತ ಎಣಿಸುವುದು) 55 ಎಎ ಇರಬೇಕು, ಅದು ಇದ್ದರೆ ಮಾತ್ರ ಬಯಾಸ್ ಇದು ಬೂಟ್ ಆಗುವ ಡಿಸ್ಕ್ ಅಂತ ಒಪ್ಪುತ್ತದೆ. ಆ ಎಎ ಬರುವುದು ಮೇಲಿನ ತಂತಿಗಳಲ್ಲಿ. ಕೊನೆಯ ಬಿಟ್ 1 ಆದ ತಕ್ಷಣ ಅದು ಎಬಿ ಆಗುತ್ತದೆ, ಬಯಾಸ್ ಕೈಚೆಲ್ಲುತ್ತದೆ. ಡಿಸ್ಕಿನ ಮೇಲೆ ಮಾತ್ರ ಎಎ ಸರಿಯಾಗೇ ಕೂತಿರುತ್ತದೆ! ಇಲ್ಲದ ರೋಗಕ್ಕೆ ಫಿಕ್ಸ್‌ಎಂಬಿಆರ್ ಕೊಟ್ಟರೆ, ಇದೇ ಕಡಿದ ತಂತಿ ಮೂಲಕ ಹೊಸ ಬೂಟ್ ಕೋಡ್ ಬರೆಸಿದ ಹಾಗೆ. ನಿಜವಾಗಿ ಕೆಡುವುದು ಆಗ.

ಚೆಕ್‌ಡಿಸ್ಕ್ ಇದಕ್ಕಿಂತ ಅಪಾಯ. ತಪ್ಪಾಗಿ ಓದಿದ್ದನ್ನು ನಂಬಿ, ಚೆನ್ನಾಗಿರುವ ಫೈಲ್ ಸಿಸ್ಟಮ್ಮನ್ನು ರಿಪೇರಿ ಮಾಡಲು ಕೂರುತ್ತದೆ.

ಹಳೆಡಬ್ಬ

ಅಬ್ಬಾ! ಹೆಸರಿನ ತಪ್ಪಿನಿಂದ ತಂತಿ ನಂಬರ್ ಹಿಡಿದುಬಿಟ್ಟಿರಲ್ಲ ಸರ್. ಮಲ್ಟಿಮೀಟರ್ ಹಾಕಿ ಎರಡೂ ತುದಿಯ ಕನೆಕ್ಟರ್ ನಡುವೆ ನೋಡಿದೆ. 1, 2, 3 ಬೀಪ್ ಬಂತು. 4ಕ್ಕೆ ಸದ್ದಿಲ್ಲ. 5ರಿಂದ ಮುಂದೆ ಮತ್ತೆ ಬೀಪ್. ಕೇಬಲ್ ಬಗ್ಗಿಸಿದರೆ 4 ಒಂದೊಂದು ಸಲ ಬೀಪ್ ಅಂದು ಹೋಗುತ್ತದೆ.

ನನ್ನದು 40 ಎಳೆಯದೇ. ಗೀರು ಇರುವುದು ಮಧ್ಯದ ಕನೆಕ್ಟರ್‌ಗೂ ಕೊನೆಯ ಕನೆಕ್ಟರ್‌ಗೂ ನಡುವೆ, ಕೊನೆಗೆ ಹತ್ತಿರ. ಮಧ್ಯದ ಕನೆಕ್ಟರ್ ಖಾಲಿ ಇದೆ, ಸಿಡಿ ಡ್ರೈವ್ ಬೇರೆ ಕೇಬಲ್‌ನಲ್ಲಿದೆ. ಮುಂದೆ ಏನು ಮಾಡಲಿ? ಬೆಸುಗೆ ಹಾಕಲಾ?

ಬೆಸುಗೆಕಡ್ಡಿ

ಬೆಸುಗೆ ನನ್ನ ದಿನದ ಕೆಲಸ, ಆದರೂ ಇಲ್ಲಿ ಬೇಡ ಅಂತಲೇ ಹೇಳ್ತೀನಿ. ಈ ತಂತಿ 28 ಗೇಜು, ಒಳಗೆ ಕೂದಲಿನಂಥ ತಾಮ್ರದ ಎಳೆಗಳು. ಪಕ್ಕದ ತಂತಿ 1.27 ಮಿಲಿಮೀಟರ್ ದೂರದಲ್ಲಿ. ಕಡ್ಡಿ ಮುಟ್ಟಿಸಿದ ಕೂಡಲೇ ಪ್ಲಾಸ್ಟಿಕ್ ಕರಗಿ ಹಿಂದೆ ಸರಿಯುತ್ತದೆ, 3 ಮತ್ತು 5 ಬೆತ್ತಲೆ ಆಗುತ್ತವೆ. ನಾಜೂಕಾಗಿ ಮಾಡಿದರೆ ಬೆಸುಗೆ ಕೂರುತ್ತದೆ, ಆದರೆ ಕೂತ ಜಾಗ ಗಟ್ಟಿಯಾಗಿ ಅದರ ಪಕ್ಕದಲ್ಲಿ ಮತ್ತೆ ಮುರಿಯುತ್ತದೆ. ಅದೂ ನಿಮ್ಮದು ಮಡಿಕೆ ಬೀಳುವ ಜಾಗ. ಟೇಪ್ ಅಂತೂ ಸುಮ್ನೆ, ಒಳಗೆ ಕಡಿದದ್ದನ್ನು ಹೊರಗಿನ ಟೇಪ್ ಸೇರಿಸಲ್ಲ.

ನಿಮ್ಮ ಅದೃಷ್ಟ, ಗೀರು ಕೊನೆಯ ತುಂಡಿನಲ್ಲಿದೆ. ಮದರ್‌ಬೋರ್ಡ್‌ನಿಂದ ಮಧ್ಯದ ಕನೆಕ್ಟರ್‌ವರೆಗೆ ಕೇಬಲ್ ಚೆನ್ನಾಗಿದೆ. ಡಿಸ್ಕನ್ನು ಮಧ್ಯದ ಕನೆಕ್ಟರ್‌ಗೆ ಹಾಕಿದರೆ ಬಯಾಸ್‌ನಲ್ಲಿ ಹೆಸರು ಸರಿಯಾಗಿ ಬರಬೇಕು. ಆದರೆ ಮುಂದಿನ ತುಂಡು ಬಾಲದ ಹಾಗೆ ನೇತಾಡಬಾರದು, ಸಿಗ್ನಲ್ ಆ ತುದಿಗೆ ಹೋಗಿ ಬಡಿದು ವಾಪಸ್ ಬಂದು ಗಲಾಟೆ ಮಾಡುತ್ತದೆ. ಹರಿತವಾದ ಬ್ಲೇಡಲ್ಲಿ ಮಧ್ಯದ ಕನೆಕ್ಟರ್ ಪಕ್ಕದಲ್ಲೇ ನೇರವಾಗಿ ಕತ್ತರಿಸಿ. ಕತ್ತರಿ ಬೇಡ, ಅದು ಎಳೆಗಳನ್ನು ಅಗಿದು ಪಕ್ಕದ್ದಕ್ಕೆ ತಾಗಿಸುತ್ತದೆ.

ಉದ್ದ ಸಾಲದೆ ಹೋದರೆ ಗೀರಿಗಿಂತ ಸ್ವಲ್ಪ ಹಿಂದೆ ಕತ್ತರಿಸಿ ಹೊಸ ಕನೆಕ್ಟರ್ ಒತ್ತಬಹುದು. 40 ಪಿನ್ನಿನ ಒತ್ತುವ ಕನೆಕ್ಟರ್ ಬಿಡಿಯಾಗಿ ಸಿಗುತ್ತದೆ. ಹಳೆಯದನ್ನು ಬಿಚ್ಚಿ ಮತ್ತೆ ಒತ್ತಬೇಡಿ, ಅದರ ಹಲ್ಲುಗಳು ಒಂದು ಸಲಕ್ಕೆ ಮಾತ್ರ, ಎರಡನೇ ಸಲ ಅಗಲಗೊಂಡು ಸಡಿಲ ಹಿಡಿಯುತ್ತವೆ. ಕನೆಕ್ಟರ್ ಮೇಲೆ ಸಣ್ಣ ತ್ರಿಕೋನ ಗುರುತು ಇರುತ್ತದೆ, ಕೆಂಪು ಗೆರೆ ಆ ಕಡೆಗೇ ಬರಬೇಕು. ಕೇಬಲ್ ಒಂದು ಕೂದಲೂ ಓರೆ ಆಗದ ಹಾಗೆ ಕೂರಿಸಿ. ಬೆರಳಲ್ಲಿ ಸವರಿ ನೋಡಿ, ಪ್ರತಿ ಹಲ್ಲಿನ ಸೀಳಿನ ಮೇಲೆ ಒಂದೊಂದು ತಂತಿಯ ಉಬ್ಬು ಕೂತಿರಬೇಕು. ಆಮೇಲೆ ಬೆಂಚ್ ವೈಸ್‌ನಲ್ಲಿ ಎರಡು ಚಪ್ಪಟೆ ಮರದ ತುಂಡುಗಳ ನಡುವೆ ಇಟ್ಟು ನಿಧಾನಕ್ಕೆ ಬಿಗಿ ಮಾಡಿ, ಎರಡೂ ಬದಿ ಒಟ್ಟಿಗೆ ಇಳಿಯಬೇಕು. ಟಕ್ ಅಂತ ಮುಚ್ಚಳ ಕೂರುತ್ತದೆ. ಇಕ್ಕಳದಲ್ಲಿ ಒಂದೊಂದು ಮೂಲೆ ಒತ್ತುವವರನ್ನು ನೋಡಿದ್ದೀನಿ, ಮಧ್ಯದ ಪಿನ್ನುಗಳು ಕಚ್ಚುವುದೇ ಇಲ್ಲ.

ಒತ್ತಿದ ಮೇಲೆ 40 ಪಿನ್ನೂ ಮಲ್ಟಿಮೀಟರ್‌ನಲ್ಲಿ ನೋಡಿ. ಬರೀ ಈ ತುದಿಯಿಂದ ಆ ತುದಿ ಅಲ್ಲ, ಪಕ್ಕಪಕ್ಕದ ತಂತಿ ಒಂದಕ್ಕೊಂದು ತಾಗಿಲ್ಲ ಅನ್ನುವುದನ್ನೂ ನೋಡಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ.

ತಂತಿಲೆಕ್ಕ

ಬೆಸುಗೆಕಡ್ಡಿ ಮೇಡಂ ಹೇಳಿದ್ದು ಸರಿ, ಆದರೆ ನನ್ನ ಓಟು ಹೊಸ ಕೇಬಲ್‌ಗೆ. ಹಳೆ ಮೆಷಿನ್ ಬಿಚ್ಚಿದ ಕಡೆ ಎಲ್ಲ ಈ ಕೇಬಲ್ ಬಿದ್ದಿರುತ್ತದೆ. ಹುಡುಕುವಾಗ ಫ್ಲಾಪಿ ಕೇಬಲ್ ಎತ್ತಿಕೊಂಡು ಬರಬೇಡಿ, ಅದು ಸ್ವಲ್ಪ ಕಿರಿದು, 34 ಪಿನ್, ತುದಿಯ ಹತ್ತಿರ ಕೆಲವು ತಂತಿ ತಿರುಚಿಕೊಂಡಿರುತ್ತವೆ.

ಸಿಕ್ಕರೆ 80 ಎಳೆಯದು ತಗೊಳ್ಳಿ. ಪಿನ್ನು ಅದರಲ್ಲೂ 40ಏ. ಜಾಸ್ತಿ ಇರುವ 40 ಎಳೆ ಬರೀ ಗ್ರೌಂಡ್, ಒಂದೊಂದು ಸಿಗ್ನಲ್ ತಂತಿಯ ನಡುವೆ ಒಂದೊಂದು. ಅದಿಲ್ಲದೆ ಸೆಕೆಂಡಿಗೆ 33 ಎಂಬಿಗಿಂತ ಮೇಲಿನ ವೇಗಕ್ಕೆ ಬೋರ್ಡ್ ಹೋಗಲ್ಲ. ನಿಮ್ಮ ಡಿಸ್ಕ್ 100ರದ್ದು, ಇಷ್ಟು ದಿನ 40 ಎಳೆಯಲ್ಲಿ ಕೈ ಕಟ್ಟಿಕೊಂಡು ಓಡುತ್ತಿತ್ತು.

80 ಎಳೆಯದರಲ್ಲಿ ಬಣ್ಣ ನೋಡಿ ಹಾಕಬೇಕು. ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್ (ಆ ಕೇಬಲ್‌ನ ಮೊದಲ) ಡಿಸ್ಕಿಗೆ, ಮಧ್ಯದ ಬೂದು ಸ್ಲೇವ್‌ಗೆ, ಅಂದರೆ ಎರಡನೇದಕ್ಕೆ. ನೀಲಿ ಕನೆಕ್ಟರ್‌ನಲ್ಲಿ 34ನೇ ಪಿನ್ ಗ್ರೌಂಡ್‌ಗೆ ಸೇರಿರುತ್ತದೆ, ಇದು 80 ಎಳೆಯ ಕೇಬಲ್ ಅಂತ ಬೋರ್ಡ್ ತಿಳಿದುಕೊಳ್ಳುವುದು ಅದರಿಂದ. ತಿರುಗಿಸಿ ಹಾಕಿದರೆ ಆ ಗುರುತು ತಪ್ಪುತ್ತದೆ. ಇದನ್ನು ಮೀಟರ್‌ನಲ್ಲಿ ನೋಡುವಾಗ 2, 19, 22, 24, 26, 30, 40 ಈ ಪಿನ್ನುಗಳು ಒಂದಕ್ಕೊಂದು ಬೀಪ್ ಕೊಡುತ್ತವೆ, ಎಲ್ಲ ಗ್ರೌಂಡ್, ಗಾಬರಿ ಬೇಡ. ಇದಕ್ಕೆ ಮನೆಯಲ್ಲಿ ಕನೆಕ್ಟರ್ ಒತ್ತಲು ಮಾತ್ರ ಹೋಗಬೇಡಿ, ಎಳೆಗಳ ಅಂತರ ಅರ್ಧಕ್ಕೆ ಇಳಿದಿರುತ್ತದೆ.

ಜಂಪರ್, ಅಂದರೆ ಡಿಸ್ಕ್ ಮಾಸ್ಟರಾ ಸ್ಲೇವಾ ಅಂತ ನಿಗದಿ ಮಾಡುವ ಡಿಸ್ಕಿನ ಹಿಂದಿನ ಸಣ್ಣ ಕ್ಲಿಪ್, ಮರೀಬೇಡಿ. ಡಿಸ್ಕ್ ಕೇಬಲ್ ಸೆಲೆಕ್ಟ್‌ನಲ್ಲಿದ್ದರೆ (ಕೇಬಲ್‌ನಲ್ಲಿ ಕೂತ ಜಾಗ ನೋಡಿ ನಿರ್ಧಾರ ಆಗುವುದು) ಮಧ್ಯದ ಕನೆಕ್ಟರ್‌ಗೆ ಹಾಕಿದಾಗ ಸ್ಲೇವ್ ಆಗಿಬಿಡಬಹುದು. ನೇರವಾಗಿ ಮಾಸ್ಟರ್‌ಗೆ ಇಟ್ಟುಬಿಡಿ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ. ಐಡಿಇಯಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಯಾರ ಹತ್ತಿರವಾದರೂ ಇದ್ದರೆ ಡಿಸ್ಕ್ ಹೊರಗೆ ತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಫೈಲೆಲ್ಲ ಕಾಪಿ ಮಾಡಿಕೊಳ್ಳಿ. ಆಗ ಈ ಕೇಬಲ್‌ನ ಹಂಗೇ ಇಲ್ಲ. ಕಾಪಿ ಆದ ಫೈಲುಗಳನ್ನು ತೆರೆದೂ ನೋಡಿ, ಮುಖ್ಯವಾಗಿ ಮೆಷಿನ್ ನಿಧಾನ ಆದಮೇಲೆ ಸೇವ್ ಮಾಡಿದವನ್ನು. ಯಾಕೆ ಅಂದರೆ ಆ ನಿಧಾನವೂ ಈ ಕೇಬಲ್‌ನದ್ದೇ ಇರಬೇಕು. ಅಲ್ಟ್ರಾ ಡಿಎಂಎ ಅನ್ನುವ ವೇಗದ ವಿಧಾನದಲ್ಲಿ ಪ್ರತಿ ಸಲ ಸಿಆರ್‌ಸಿ ಲೆಕ್ಕ ಹಾಕಿ ತಾಳೆ ನೋಡುತ್ತಾರೆ, ತಪ್ಪಿದ್ದರೆ ಮತ್ತೆ ಕಳಿಸುತ್ತಾರೆ. ಇಂಥ ತಪ್ಪು ಆರು ದಾಟಿದರೆ ಎಕ್ಸ್‌ಪಿ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಪಿಐಒ ಅನ್ನುವ ಹಳೆ ವಿಧಾನಕ್ಕೆ ಬಂದು ನಿಲ್ಲುತ್ತದೆ. ಅದರಲ್ಲಿ ಡೇಟಾ ಹೊರುವ ಕೆಲಸ ಎಲ್ಲ ಪ್ರೊಸೆಸರ್ ತಲೆ ಮೇಲೆ, ಅದಕ್ಕೇ ಮೌಸ್ ತಡವರಿಸುವುದು. ಆ ಹಳೆ ವಿಧಾನದಲ್ಲಿ ಸಿಆರ್‌ಸಿ ತಾಳೆಯೇ ಇಲ್ಲ. ತಪ್ಪು ಬಿಟ್ ತಪ್ಪಾಗೇ ಡಿಸ್ಕಿಗೆ ಇಳಿಯುತ್ತದೆ, ಯಾರೂ ದೂರು ಹೇಳಲ್ಲ.

ರಾತ್ರಿಪಾಳಿ

ಸರಿ, ಟೇಪ್ ಮಾತು ವಾಪಸ್ ತಗೊಂಡೆ. ಒಂದು ಡೌಟು. ಐಡಿಇ ಆದಮೇಲೆ ಬಂದ ಸಾಟಾ ಡಿಸ್ಕುಗಳ ಕೇಬಲ್ ಕೆಟ್ಟರೂ ಹೀಗೇ ಹೆಸರು ಕೆಡುತ್ತಾ?

ತಂತಿಲೆಕ್ಕ

ಇಲ್ಲ. ಅದರಲ್ಲಿ ಎಲ್ಲ ಬಿಟ್‌ಗಳೂ ಒಂದೇ ಜೋಡಿ ತಂತಿಯಲ್ಲಿ ಸಾಲಾಗಿ ಹೋಗುತ್ತವೆ, ಒಂದು ಅಕ್ಷರ ಮಾತ್ರ ಕೆಡುವ ಪ್ರಶ್ನೆ ಬರಲ್ಲ. ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ, ಇಲ್ಲ ಡಿಸ್ಕ್ ಮಾಯ. ಸಾಟಾ ಕೇಬಲ್ ರಿಪೇರಿ ಮಾಡುವ ವಸ್ತುವೇ ಅಲ್ಲ, ಬದಲಾಯಿಸುವುದು.

ಹಳೆಡಬ್ಬ

ಸುದ್ದಿ ಹೇಳಲು ಬಂದೆ. ಯುಎಸ್‌ಬಿ ಅಡಾಪ್ಟರ್ ಸಿಕ್ಕಿತು, ಡಿಸ್ಕ್ ಇನ್ನೊಂದು ಕಂಪ್ಯೂಟರ್‌ನಲ್ಲಿ ತಕ್ಷಣ ತೆರೆಯಿತು, ಹೆಸರು ಕೂಡ ಸರಿಯಾಗಿ ಎಸ್‌ಟಿ380011ಎ. ಫೈಲೆಲ್ಲ ಕಾಪಿ ಆಯಿತು. ಇತ್ತೀಚೆಗೆ ಸ್ಕ್ಯಾನ್ ಮಾಡಿದ ಎರಡು ಪುಟಗಳು ಮಾತ್ರ ಅರ್ಧಕ್ಕೆ ಬಣ್ಣ ಬಣ್ಣದ ಪಟ್ಟಿ ಆಗಿವೆ. ಮೂಲ ಕಾಗದ ಇದೆ, ಮತ್ತೆ ಸ್ಕ್ಯಾನ್ ಮಾಡಿಕೊಳ್ತೀನಿ.

80 ಎಳೆಯ ಕೇಬಲ್ ಕೂಡ ಸಿಕ್ಕಿತು. ಹಾಕಿದೆ, ಎಕ್ಸ್‌ಪಿ ಬೂಟ್ ಆಯಿತು. ಆದರೆ ಇನ್ನೂ ಅಷ್ಟೇ ನಿಧಾನ! ಹೊಸ ಕೇಬಲ್ಲೂ ಕೆಟ್ಟಿದೆಯಾ?

ತಂತಿಲೆಕ್ಕ

ಕೇಬಲ್ ಚೆನ್ನಾಗಿದೆ, ಎಕ್ಸ್‌ಪಿ ಹಳೆ ಕೋಪ ಮರೆತಿಲ್ಲ ಅಷ್ಟೇ. ಒಮ್ಮೆ ಪಿಐಒಗೆ ಇಳಿದರೆ ಕೇಬಲ್ ಬದಲಾಯಿಸಿದರೂ ತಾನಾಗಿ ಮೇಲೆ ಹತ್ತಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಕಂಟ್ರೋಲರ್‌ಗಳ ಕೆಳಗೆ ಪ್ರೈಮರಿ ಐಡಿಇ ಚಾನೆಲ್ ಇರುತ್ತದೆ. ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಈಗಿನ ಮೋಡ್ ಪಿಐಒ ಅಂತ ಇದೆಯಾ ನೋಡಿ. ಇದ್ದರೆ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಎಕ್ಸ್‌ಪಿ ಅದನ್ನು ಹೊಸದಾಗಿ ಹುಡುಕಿ ವೇಗ ಮತ್ತೆ ನಿರ್ಧರಿಸುತ್ತದೆ.

ಆಮೇಲೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೋರಿಸುವ ಯಾವುದಾದರೂ ಸಣ್ಣ ಪ್ರೋಗ್ರಾಂ ಹಾಕಿ 199ನೇ ಸಾಲು ನೋಡಿ, ಅಲ್ಟ್ರಾ ಡಿಎಂಎ ಸಿಆರ್‌ಸಿ ಎರರ್ ಕೌಂಟ್ ಅಂತ ಇರುತ್ತದೆ. ಈಗಿರುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ಹಳೆ ಕೇಬಲ್‌ನ ಪಾಪದ ಲೆಕ್ಕ, ಕಡಿಮೆ ಆಗಲ್ಲ. ಏರದೆ ಅಲ್ಲೇ ನಿಂತರೆ ಸಾಕು. ಏರುತ್ತಿದ್ದರೆ ಆಗ ಬೋರ್ಡಿನ ಕನೆಕ್ಟರ್ ಕಡೆ ನೋಡೋಣ.

ಬೆಸುಗೆಕಡ್ಡಿ

ಆ ತಗಡಿನ ಅಂಚಿಗೆ ಏನು ಮಾಡಿದಿರಿ? ಹೊಸ ಕೇಬಲ್ ಅದೇ ಅಂಚಿನ ಮೇಲೆ ಮಡಚಿದ್ದರೆ ಇನ್ನೊಂದಷ್ಟು ದಿನಕ್ಕೆ ಅದಕ್ಕೂ ಅದೇ ಗತಿ. ಸಣ್ಣ ಅರದಲ್ಲಿ ಆ ಅಂಚನ್ನು ಉಜ್ಜಿ ಮೊಂಡು ಮಾಡಿ. ಕೇಬಲ್, ಬೋರ್ಡ್ ಎಲ್ಲ ಹೊರಗೆ ತೆಗೆದು ಉಜ್ಜಬೇಕು, ಕಬ್ಬಿಣದ ಪುಡಿ ಬೋರ್ಡ್ ಮೇಲೆ ಬಿದ್ದರೆ ಹೊಸ ತಲೆನೋವು. ಅಷ್ಟು ಬಿಚ್ಚಲು ಆಗದಿದ್ದರೆ ಅಂಚಿನ ಮೇಲೆ ದಪ್ಪ ಬಟ್ಟೆ ಟೇಪ್ ಎರಡು ಪದರ ಹಾಕಿ. ಕೇಬಲ್ಲನ್ನು ಇಸ್ತ್ರಿ ಹಾಕಿದ ಹಾಗೆ ಮಡಚಬೇಡಿ, ದುಂಡಗೆ ಬಗ್ಗಿಸಿ. ಕೀಳುವಾಗ ಕೇಬಲ್ ಹಿಡಿದು ಎಳೆಯದೆ ಕನೆಕ್ಟರ್‌ನ ಎರಡೂ ಬದಿ ಹಿಡಿದು ಅಲುಗಾಡಿಸಿ ಬಿಡಿಸಿ.

ಹಳೆಡಬ್ಬ

ಪಿಐಒನೇ ಇತ್ತು. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ, ಈಗ ಅಲ್ಟ್ರಾ ಡಿಎಂಎ ಮೋಡ್ 5 ಅಂತ ತೋರಿಸುತ್ತದೆ. ಮೌಸ್ ಸಲೀಸಾಗಿ ಓಡುತ್ತಿದೆ. 199ನೇ ಸಾಲಿನ ಸಂಖ್ಯೆ ಬರೆದಿಟ್ಟಿದ್ದೀನಿ, ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿದ ಮೇಲೂ ಏರಿಲ್ಲ. ಅಂಚಿಗೆ ಸದ್ಯಕ್ಕೆ ಬಟ್ಟೆ ಟೇಪ್ ಹಾಕಿದ್ದೀನಿ ಮೇಡಂ, ಬಿಡುವಾದಾಗ ಬಿಚ್ಚಿ ಅರ ಹಾಕ್ತೀನಿ.

ಹಳೆ ಕೇಬಲ್ ಎಸೆದಿಲ್ಲ. ಮಧ್ಯದ ಕನೆಕ್ಟರ್‌ವರೆಗೆ ಚೆನ್ನಾಗಿದೆ ಅಂದಿರಲ್ಲ, ಬ್ಲೇಡಲ್ಲಿ ನೇರವಾಗಿ ಕತ್ತರಿಸಿ, ಮೀಟರ್ ಹಾಕಿ ನೋಡಿ, ಸಿಡಿ ಡ್ರೈವ್‌ಗೆ ಆಗುತ್ತಾ ಅಂತ ಎತ್ತಿಟ್ಟಿದ್ದೀನಿ.

ತಂತಿಲೆಕ್ಕ

ಸಿಡಿ ಡ್ರೈವ್‌ಗೆ ಧಾರಾಳ ಆಗುತ್ತದೆ, ಅದಕ್ಕೆ 33ರ ವೇಗವೇ ಜಾಸ್ತಿ.